‘ಕನಾರ್ಟಕ’ ಸರಿಹೋದ ಬೆಳಗ್ಗೆ

ಸಂಖ್ಯೆ ಊಹಿಸುವ ಆಟವನ್ನು ನಾನು ಮೂರು ಸಲ ಬರೆದಿದ್ದೇನೆ.

ರಸ್ಟ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಯೋಕೆ ಹೊರಟ ಬಹಳ ಜನರಿಗೆ ಈ ಆಟ ಗೊತ್ತು. ಅದರ ಅಧಿಕೃತ ಪುಸ್ತಕದ ಎರಡನೇ ಅಧ್ಯಾಯವೇ ಇದು. ಕಂಪ್ಯೂಟರ್ 1ರಿಂದ 100ರೊಳಗಿನ ಒಂದು ಸಂಖ್ಯೆ ಇಟ್ಟುಕೊಂಡಿರುತ್ತೆ, ನಾವು ಊಹಿಸಬೇಕು. ಚಿಕ್ಕದಾಯ್ತು, ದೊಡ್ಡದಾಯ್ತು ಅಂತ ಅದು ಹೇಳ್ತಾ ಹೋಗುತ್ತೆ. ಬರೆದು ಓಡಿಸಿದಾಗ ಖುಷಿಯಾಗುತ್ತೆ. ಮೂರನೇ ಅಧ್ಯಾಯವೂ ಸಲೀಸು. ನಾಲ್ಕನೇ ಅಧ್ಯಾಯದಲ್ಲಿ ‘ಓನರ್‌ಶಿಪ್’ ಬರುತ್ತೆ, ಅಂದರೆ ಒಡೆತನ. ಅಲ್ಲಿಗೆ ನಾನು ಪುಸ್ತಕ ಮುಚ್ಚುತ್ತಿದ್ದೆ. ಆರು ತಿಂಗಳು ಬಿಟ್ಟು ಮತ್ತೆ ತೆರೆದಾಗ ಓದಿದ್ದೆಲ್ಲ ಮರೆತಿರುತ್ತಿತ್ತು. ಮತ್ತೆ ಅದೇ ಆಟ.

ಈ ಸಲದ ಅಂಕಣ, ಆ ನಾಲ್ಕನೇ ಅಧ್ಯಾಯವನ್ನು ನಾನು ಹೇಗೆ ದಾಟಿದೆ ಅನ್ನೋದರ ಬಗ್ಗೆ. ನೀವು ಐಟಿಯವರಲ್ಲದಿದ್ದರೂ ಪರವಾಗಿಲ್ಲ, ಓದಿ. ಸಿಎ ಪರೀಕ್ಷೆಯ ಒಂದು ಪೇಪರ್, ಜರ್ಮನ್ ವ್ಯಾಕರಣ, ಎಕ್ಸೆಲ್‌ನ ಪಿವಟ್ ಟೇಬಲ್, ಏನೇ ಇರಲಿ. ‘ಸೋಮವಾರದಿಂದ ಶುರು’ ಅಂತ ಎತ್ತಿಟ್ಟ ಒಂದು ನಾಲ್ಕನೇ ಅಧ್ಯಾಯ ನಿಮ್ಮ ಹತ್ತಿರವೂ ಇದ್ದೇ ಇರುತ್ತೆ.

ಏನಿದು ರಸ್ಟ್, ಯಾಕಷ್ಟು ಕಷ್ಟ?

ರಸ್ಟ್ ಹುಟ್ಟಿದ ಕತೆ ಚೆನ್ನಾಗಿದೆ. 2006ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಗ್ರೇಡನ್ ಹೋರ್ ಎಂಬ ಪ್ರೋಗ್ರಾಮರ್ ಮನೆಗೆ ಬಂದರೆ ಅವರ ಅಪಾರ್ಟ್‌ಮೆಂಟಿನ ಲಿಫ್ಟ್ ನಿಂತುಹೋಗಿತ್ತು. ಅದರ ಸಾಫ್ಟ್‌ವೇರ್ ಕ್ರ್ಯಾಶ್ ಆಗಿತ್ತು, ಅದೂ ಮೊದಲ ಸಲವೇನಲ್ಲ. ಮನೆ ಇದ್ದದ್ದು 21ನೇ ಮಹಡಿಯಲ್ಲಿ. ಒಂದು ಲಿಫ್ಟ್ ಕೆಡದ ಹಾಗೆ ಕೋಡ್ ಬರೆಯೋಕೆ ನಮ್ಮಿಂದ ಆಗಲ್ವಲ್ಲ ಅನ್ನೋ ಸಿಟ್ಟಿನಲ್ಲಿ ಅವರು ಬಿಡುವಿನ ವೇಳೆಯಲ್ಲಿ ಹೊಸದೊಂದು ಭಾಷೆ ಕಟ್ಟೋಕೆ ಕೂತರು. ಮುಂದೆ ಅವರು ಕೆಲಸ ಮಾಡುತ್ತಿದ್ದ ಮೊಝಿಲ್ಲಾ ಅದರ ಬೆನ್ನಿಗೆ ನಿಂತಿತು. 2015ರ ಮೇ ತಿಂಗಳಲ್ಲಿ 1.0 ಆವೃತ್ತಿ ಬಂತು. 2022ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಲಿನಕ್ಸ್ 6.1ರ ಒಳಗೂ ರಸ್ಟ್‌ಗೆ ಜಾಗ ಸಿಕ್ಕಿತು.

ಸಿ, ಸಿ++ ಭಾಷೆಗಳಲ್ಲಿ ಕಂಪ್ಯೂಟರಿನ ಮೆಮೊರಿಯನ್ನು ತೆಗೆದುಕೊಳ್ಳೋದು, ಕೆಲಸ ಮುಗಿದ ಮೇಲೆ ವಾಪಸ್ ಕೊಡೋದು ಹೆಚ್ಚಾಗಿ ಪ್ರೋಗ್ರಾಮರನ ಜವಾಬ್ದಾರಿ. ವಾಪಸ್ ಕೊಟ್ಟಾದ ಮೇಲೂ ಮರೆತು ಅದನ್ನೇ ಬಳಸಿದರೆ ಅನಾಹುತ. ತಾನು ಸರಿಪಡಿಸುವ ಭದ್ರತಾ ದೋಷಗಳಲ್ಲಿ ಶೇಕಡಾ 70ರಷ್ಟು ಈ ಥರದವು ಅಂತ 2019ರಲ್ಲಿ ಮೈಕ್ರೋಸಾಫ್ಟ್ ಹೇಳಿತ್ತು. ನಾನು ಎಂಟು ವರ್ಷ ದುಡಿದ ಜಾವಾದಲ್ಲಿ ಈ ತಲೆನೋವಿಲ್ಲ, ಹಿಂದಿನಿಂದ ಕಸ ಗುಡಿಸಿಕೊಂಡು ಬರೋಕೆ ಒಬ್ಬ ಇರುತ್ತಾನೆ. ರಸ್ಟ್‌ನಲ್ಲಿ ಗುಡಿಸುವವನಿಲ್ಲ, ಹಾಗಂತ ಕಸ ಬೀಳೋಕೂ ಬಿಡಲ್ಲ. ಪ್ರತಿ ವಸ್ತುವಿಗೂ ಒಬ್ಬನೇ ಒಡೆಯ. ಬೇರೆಯವರಿಗೆ ಬೇಕಿದ್ದರೆ ಎರವಲು ತಗೋಬೇಕು. ನೋಡೋಕೆ ಮಾತ್ರ ಎಷ್ಟು ಜನ ಬೇಕಾದರೂ ಎರವಲು ಪಡೆಯಬಹುದು. ತಿದ್ದೋಕೆ ಅಂದರೆ ಒಬ್ಬರಿಗೆ ಮಾತ್ರ, ಅವರು ತಿದ್ದುತ್ತಿರುವಾಗ ಇನ್ಯಾರೂ ನೋಡೋ ಹಾಗಿಲ್ಲ. ಈ ನಿಯಮ ಮುರಿದರೆ ಕಂಪೈಲರ್ ಪ್ರೋಗ್ರಾಮನ್ನು ಓಡೋಕೇ ಬಿಡಲ್ಲ.

ಓದೋಕೆ ನಾಲ್ಕು ಸಾಲು. ಕೋಡ್ ಬರೆಯೋಕೆ ಕೂತರೆ ಹತ್ತು ಸಾಲಿಗೆ ಆರು ಎರರ್. ಎಂಟು ವರ್ಷದ ಅನುಭವ ಇದೆ ಅಂತ ಬೀಗುತ್ತಿದ್ದವಳಿಗೆ ಮೊದಲ ಸೆಮಿಸ್ಟರ್ ಲ್ಯಾಬ್‌ನಲ್ಲಿ ಕೂತ ಹಾಗಾಗುತ್ತೆ. ನಿಜ ಹೇಳಬೇಕೆಂದರೆ, ಭಾಷೆಗಿಂತ ಆ ಅವಮಾನವೇ ನನ್ನನ್ನು ಓಡಿಸುತ್ತಿದ್ದದ್ದು.

ಸ್ಫೂರ್ತಿಗಾಗಿ ಮಾಡಿದ ಖರ್ಚು

ಆಫೀಸಿನಲ್ಲಿ ನಮ್ಮ ಟೀಮಿನ ಒಂದು ಸರ್ವಿಸನ್ನು ರಸ್ಟ್‌ನಲ್ಲಿ ಹೊಸದಾಗಿ ಬರೆಯೋದು ಅಂತ ತೀರ್ಮಾನವಾಯ್ತು. ಯಾರ‍್ಯಾರು ಬರ್ತೀರಿ ಅಂತ ಮೀಟಿಂಗ್‌ನಲ್ಲಿ ಕೇಳಿದಾಗ ನನಗಿಂತ ಐದು ವರ್ಷ ಚಿಕ್ಕವನೊಬ್ಬ ಕೈ ಎತ್ತಿದ. ನಾನು ಮ್ಯೂಟ್‌ನಲ್ಲಿದ್ದೆ, ಹಾಗೇ ಇದ್ದುಬಿಟ್ಟೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಹಳೆಯ ಸರ್ವಿಸನ್ನು ನೋಡಿಕೊಂಡು ಇರುವವರ ಕೆಲಸ ನಿಧಾನಕ್ಕೆ ಕಡಿಮೆಯಾಗುತ್ತಾ ಹೋಗುತ್ತೆ, ಆಮೇಲೆ ಏನಾಗುತ್ತೆ ಅನ್ನೋದು ಈ ಊರಲ್ಲಿ ಎಲ್ಲರಿಗೂ ಗೊತ್ತು.

ಭಯ ಒಳ್ಳೆಯ ಮೇಷ್ಟ್ರು ಅಂತಾರೆ. ನನ್ನ ಮಟ್ಟಿಗೆ ಅದು ಒಳ್ಳೆಯ ಸೇಲ್ಸ್‌ಮನ್. ಆ ವಾರ ನಾನು ಎರಡು ಆನ್‌ಲೈನ್ ಕೋರ್ಸ್ ಕೊಂಡೆ. ಒಂದು ಮೆಕ್ಯಾನಿಕಲ್ ಕೀಬೋರ್ಡ್ ಕೊಂಡೆ. ದಿನ ಬಿಡದೆ ಗುರುತು ಹಾಕುವ ಆಪ್ ಹಾಕಿಕೊಂಡೆ. ‘ಕಠಿಣ ವಿಷಯ ಕಲಿಯೋದು ಹೇಗೆ’ ಅನ್ನೋ ವಿಡಿಯೋಗಳನ್ನು ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಕ್ಯಾಬ್ ನಿಂತಾಗೆಲ್ಲ ನೋಡಿದೆ. ಕಲಿಯೋದರ ಬಗ್ಗೆ ಬಹಳ ಕಲಿತೆ. ಹನ್ನೊಂದನೇ ದಿನ ಆಪ್‌ನ ಸರಪಳಿ ತುಂಡಾಯ್ತು. ಊರಲ್ಲಿ ಮದುವೆ ಇತ್ತು. ವಾಪಸ್ ಬಂದವಳು ಆಪನ್ನೇ ತೆಗೆದುಹಾಕಿದೆ.

ಈಗ ಹಿಂದಿರುಗಿ ನೋಡಿದರೆ ತಪ್ಪು ಎಲ್ಲಿತ್ತು ಅಂತ ಕಾಣುತ್ತೆ. ಮನಸ್ಸು ಬಂದ ಮೇಲೆ ಕೂರೋಣ ಅಂತ ನಾನು ಮನಸ್ಸಿಗಾಗಿ ಕಾಯುತ್ತಿದ್ದೆ. ನನಗಾಗಿ ಮಾತ್ರ ಯಾರೂ ಕಾಯುತ್ತಿರಲಿಲ್ಲ. ನಾಲ್ಕನೇ ಅಧ್ಯಾಯವನ್ನು ನಾನು ಇವತ್ತು ಓದಿದರೂ, ಓದದಿದ್ದರೂ, ರಾತ್ರಿ ಮಲಗುವ ಹೊತ್ತಿಗೆ ಯಾರ ಬದುಕಿನಲ್ಲೂ ಒಂದಿಷ್ಟೂ ವ್ಯತ್ಯಾಸ ಆಗುತ್ತಿರಲಿಲ್ಲ.

ಅಮ್ಮನ ಪೆನ್‌ಡ್ರೈವ್

ಅದೇ ಮದುವೆಗೆ ಸಾಗರಕ್ಕೆ ಹೋಗಿದ್ದಾಗ ಅಮ್ಮ ಒಂದು ಪೆನ್‌ಡ್ರೈವ್ ಕೊಟ್ಟಿದ್ದಳು. ‘ನನ್ನ ಫೋನಲ್ಲಿ ಓದೋ ಹಾಗೆ ಮಾಡಿಕೊಡು ಮಾರಾಯ್ತಿ, ಎಲ್ಲ ಗೀಚುಗೀಚು ಕಾಣ್ತದೆ’ ಅಂದಳು.

ಅಮ್ಮ ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆಗಿದ್ದವಳು. 2007ರಲ್ಲಿ ಮನೆಗೆ ಕಂಪ್ಯೂಟರ್ ಬಂದಾಗ ಅಜ್ಜಿಯ ಬಾಯಲ್ಲಿ ಬರುವ ಪದಗಳನ್ನೆಲ್ಲ ಟೈಪ್ ಮಾಡಿಡೋಕೆ ಶುರು ಮಾಡಿದ್ದಳು. ಗೊರಬು, ಮೆಟ್ಟುಗತ್ತಿ, ಕೊನೆಗೌಡ, ಸೊಪ್ಪಿನಬೆಟ್ಟ, ಹೀಗೆ ತೋಟದ್ದು, ಅಡಿಗೆಮನೆಯದ್ದು, ಮಳೆಗಾಲದ್ದು. ಒಂದೊಂದು ಪದದ ಕೆಳಗೂ ಅರ್ಥ, ಅಜ್ಜಿ ಅದನ್ನು ಬಳಸಿದ ಒಂದು ವಾಕ್ಯ, ತಾರೀಕು. ನಾಲ್ಕು ವರ್ಷದಲ್ಲಿ ಸುಮಾರು 1,200 ಪದ. ಕೈಬರಹದ ನೋಟ್‌ಬುಕ್ಕುಗಳನ್ನು ಅಟ್ಟದಲ್ಲಿ ಗೆದ್ದಲು ತಿಂದವು. ಅಜ್ಜಿ 2013ರಲ್ಲಿ ಹೋದಳು. ಕಂಪ್ಯೂಟರ್ ಕೆಟ್ಟಾಗ ಪೇಟೆಯ ಅಂಗಡಿಯವನು ಫೈಲುಗಳನ್ನು ಈ ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದ. ಉಳಿದಿದ್ದು ಇಷ್ಟೇ.

ಟೈಪ್ ಮಾಡಿದ್ದು ನುಡಿಯಲ್ಲಿ. ಕನ್ನಡ ಗಣಕ ಪರಿಷತ್ತು ರೂಪಿಸಿದ, ಸರ್ಕಾರಿ ಕಚೇರಿಗಳಲ್ಲೆಲ್ಲ ಇದ್ದ ತಂತ್ರಾಂಶ ಅದು. ಆ ಕಾಲದ ನುಡಿ ಅಕ್ಷರಶೈಲಿಗಳಲ್ಲಿ ಒಂದು ಜಾಣತನ ಇತ್ತು. ಕಂಪ್ಯೂಟರಿನ ಮಟ್ಟಿಗೆ ಅಲ್ಲಿರೋದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳೇ. ಅವುಗಳ ಚಿತ್ರದ ಜಾಗದಲ್ಲಿ ಕನ್ನಡ ಅಕ್ಷರದ ತುಣುಕು ಕೂರಿಸಿರುತ್ತಾರೆ. ‘ಕ’ ಅಂದರೆ ಒಂದು ದೊಡ್ಡ ‘ಪಿ’, ಅದರ ಪಕ್ಕ ತಲೆಯ ಮೇಲೆ ಓರೆಗೆರೆ ಇರುವ ಒಂದು ‘ಎ’. ‘ಕೋ’ ಬರೆಯೋಕೆ ನಾಲ್ಕು ತುಣುಕು. ನುಡಿ ಫಾಂಟ್ ಇರುವ ಕಂಪ್ಯೂಟರಲ್ಲಿ ಚಂದದ ಕನ್ನಡ, ಇಲ್ಲದ ಕಡೆ ಅಮ್ಮ ಹೇಳಿದ ಗೀಚುಗೀಚು.

ನಮ್ಮ ಫೋನುಗಳಲ್ಲಿರೋದು ಯೂನಿಕೋಡ್. ಅದರಲ್ಲಿ ಕನ್ನಡಕ್ಕೇ ಅಂತ 128 ಸ್ಥಾನಗಳ ಒಂದು ಕೇರಿ ಇದೆ. ‘ಕೋ’ ಅಂದರೆ ‘ಕ’ ಮತ್ತು ‘ೋ’, ಎರಡೇ. ಯಾವ ಫೋನಿನಲ್ಲಾದರೂ ಕನ್ನಡವಾಗಿಯೇ ಕಾಣುತ್ತೆ, ಹುಡುಕಿದರೆ ಸಿಗುತ್ತೆ.

ಒಂದನ್ನು ಇನ್ನೊಂದಕ್ಕೆ ಬದಲಿಸುವ ಸಿದ್ಧ ಪರಿವರ್ತಕಗಳು ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಅದನ್ನು ಮುಚ್ಚಿಟ್ಟರೆ ತಪ್ಪಾಗುತ್ತೆ. ಹತ್ತು ನಿಮಿಷದ ಕೆಲಸವನ್ನು ನಾನು ಎರಡೂವರೆ ತಿಂಗಳು ಮಾಡಿದೆ. ಆದರೆ ಬೆಂಗಳೂರಿಗೆ ವಾಪಸ್ ಬರುವ ಬಸ್ಸಿನಲ್ಲಿ ತಲೆಗೆ ಹೊಳೆದದ್ದು ಅದೇ. ಇದು ಸಣ್ಣ ಕೆಲಸ, ಇದಕ್ಕೊಂದು ಕೊನೆ ಇದೆ, ಮುಗಿದಿದೆಯೋ ಇಲ್ಲವೋ ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ, ಮತ್ತು ಇದಕ್ಕಾಗಿ ಒಬ್ಬರು ಕಾಯುತ್ತಿದ್ದಾರೆ. ಇದನ್ನೇ ಯಾಕೆ ರಸ್ಟ್‌ನಲ್ಲಿ ಬರೆಯಬಾರದು?

ಮೊದಲ ದಿನ, ಮೊದಲ ಎರರ್

ಬೆಳಗ್ಗೆ ಆರೂವರೆಯಿಂದ ಏಳೂಕಾಲು. ಫೋನ್ ಅಡಿಗೆಮನೆಯಲ್ಲಿ. ಪುಸ್ತಕ ಮೊದಲಿನಿಂದ ಓದಲಿಲ್ಲ. ಬೇಕಾದ್ದು ಬೇಕಾದಾಗ ಹುಡುಕಿ ಓದೋದು ಅಂತ ಇಟ್ಟುಕೊಂಡೆ.

ಅಮ್ಮನ ಒಂದು ಫೈಲನ್ನು ಸಾದಾ ಪಠ್ಯವಾಗಿ ಉಳಿಸಿ, ಅದನ್ನು ತೆರೆದು ತೆರೆಯ ಮೇಲೆ ತೋರಿಸುವ ಹನ್ನೆರಡು ಸಾಲು ಬರೆದೆ. ಓಡಿಸಿದೆ. ‘ಇದು ಸರಿಯಾದ ಯುಟಿಎಫ್-8 ಅಲ್ಲ’ ಅಂತ ನಿಂತುಬಿಟ್ಟಿತು. ರಸ್ಟ್‌ನ ಸ್ಟ್ರಿಂಗ್ ಒಳಗೆ ಯುಟಿಎಫ್-8 ಬಿಟ್ಟು ಬೇರೇನೂ ಕಾಲಿಡೋ ಹಾಗಿಲ್ಲ. ಅಮ್ಮನ ಫೈಲ್ ಹಳೆಯ ವಿಂಡೋಸ್ ಸಂಕೇತದಲ್ಲಿತ್ತು. ಅದನ್ನು ಬೈಟ್‌ಗಳಾಗಿ ಓದಿ, ಒಂದೊಂದೇ ಬೈಟನ್ನು ಅಕ್ಷರವಾಗಿ ಬದಲಿಸೋಕೆ ಮೂರು ಬೆಳಗ್ಗೆ ಹಿಡಿಯಿತು.

ಹಿಂದಿನ ಸಲ ಇಂಥದ್ದು ಎದುರಾಗಿದ್ದರೆ ಲ್ಯಾಪ್‌ಟಾಪ್ ಮುಚ್ಚುತ್ತಿದ್ದೆ. ಈ ಸಲ ಮುಚ್ಚಲಿಲ್ಲ, ಯಾಕಂದರೆ ಇದು ಪುಸ್ತಕದ ಸಮಸ್ಯೆ ಆಗಿರಲಿಲ್ಲ. ಆ ಬೈಟ್‌ಗಳ ಹಿಂದೆ ಅಜ್ಜಿಯ ಮಾತಿತ್ತು.

ಆಮೇಲೆ ಒಂದು ಪದದ ಮೊದಲ ಅಕ್ಷರ ತೆಗೆಯೋಕೆ ಹೋದೆ. ಜಾವಾದಲ್ಲಿ ಅದು ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ. ರಸ್ಟ್ ಬಿಡಲೇ ಇಲ್ಲ. ಸ್ಟ್ರಿಂಗ್‌ನ ಇಷ್ಟನೇ ಅಕ್ಷರ ಕೊಡು ಅಂತ ನೇರವಾಗಿ ಕೇಳೋ ಹಾಗೇ ಇಲ್ಲ ಅಲ್ಲಿ. ಎಂಥ ಹಠಮಾರಿ ಭಾಷೆ ಅಂತ ಬೈದುಕೊಂಡೇ ಎಂಟನೇ ಅಧ್ಯಾಯ ತೆರೆದೆ. ಅಲ್ಲಿ ಉದಾಹರಣೆಯಾಗಿ ಕೊಟ್ಟಿರೋದು ದೇವನಾಗರಿಯಲ್ಲಿ ಬರೆದ ‘ನಮಸ್ತೆ’! ನಾನು ‘ಕನ್ನಡ’ ಅಂತಲೇ ಬರೆದು ಎಣಿಸಿ ನೋಡಿದೆ. ನಮ್ಮ ಕಣ್ಣಿಗೆ ಮೂರು ಅಕ್ಷರ: ಕ, ನ್ನ, ಡ. ಯೂನಿಕೋಡ್ ಲೆಕ್ಕದಲ್ಲಿ ಐದು: ಕ, ನ, ಅರ್ಧಾಕ್ಷರ ಮಾಡುವ ಗುರುತು, ಮತ್ತೆ ನ, ಡ. ಬೈಟ್ ಲೆಕ್ಕದಲ್ಲಿ ಹದಿನೈದು, ಒಂದೊಂದಕ್ಕೂ ಮೂರರಂತೆ. ‘ಮೊದಲ ಅಕ್ಷರ ಕೊಡು’ ಅಂದರೆ ಇದರಲ್ಲಿ ಯಾವ ಲೆಕ್ಕದ್ದು ಕೊಡಬೇಕು?

ಜಾವಾದಲ್ಲಿ ಎಂಟು ವರ್ಷ ಈ ಪ್ರಶ್ನೆಯೇ ನನಗೆ ಬಂದಿರಲಿಲ್ಲ. ಅದು ‘ಕನ್ನಡ’ದ ಉದ್ದ ಐದು ಅನ್ನುತ್ತೆ, ನಾವೂ ಹೂಂ ಅಂತೀವಿ. ರಸ್ಟ್‌ನದ್ದು ಹಠ ಅಲ್ಲ ಅಂತ ಅವತ್ತು ಅರ್ಥವಾಯ್ತು. ಇಂಗ್ಲಿಷ್ ಮಾತ್ರ ಲೋಕದ ಭಾಷೆ ಅಂದುಕೊಂಡು ಬರೆದ ಕೋಡ್‌ಗೆ ಅದು ಅಡ್ಡ ನಿಲ್ಲುತ್ತಿತ್ತು. ನಾನು ಆ ಥರ ಬರೆದವಳೇ.

‘ಇದ್ಯಾವ ಊರೇ?’

ಎರಡನೇ ವಾರದ ಕೊನೆಗೆ ಮೊದಲ ಐವತ್ತು ಪದಗಳನ್ನು ಅಮ್ಮನಿಗೆ ವಾಟ್ಸಾಪ್‌ನಲ್ಲಿ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು.

‘ಇದ್ಯಾವ ಊರೇ, ಕನಾರ್ಟಕ?’

ನುಡಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲೇ ಇರುತ್ತೆ, ಅಂದರೆ ಅಕ್ಷರ ಆದಮೇಲೆ. ‘ಕ’, ‘ನಾ’, ಅರ್ಕಾವತ್ತು, ‘ಟ’, ‘ಕ’. ಯೂನಿಕೋಡ್‌ನಲ್ಲಿ ನಾವು ಉಚ್ಚರಿಸುವ ಕ್ರಮ, ‘ರ್’ ಮೊದಲು, ‘ನಾ’ ಆಮೇಲೆ. ನಾನು ಒಂದಕ್ಕೊಂದು ನೇರವಾಗಿ ಬದಲಿಸಿಕೊಂಡು ಹೋಗಿದ್ದೆ. ಕರ್ನಾಟಕ ಕನಾರ್ಟಕವಾಯ್ತು, ವರ್ಷ ‘ವಷರ್’ ಆಯ್ತು, ಸೂರ್ಯ ‘ಸೂಯರ್’.

ಅಮ್ಮ ಸುಮ್ಮನೆ ನಗಲಿಲ್ಲ. ಸಂಜೆಯೊಳಗೆ ತಪ್ಪುಗಳನ್ನೆಲ್ಲ ಹಾಳೆಯ ಮೇಲೆ ಬರೆದು, ಕೆಂಪು ಪೆನ್ನಿನಲ್ಲಿ ಸರಿರೂಪ ಬರೆದು, ಫೋಟೊ ತೆಗೆದು ಕಳಿಸಿದಳು. ಕೊನೆಯಲ್ಲಿ ಅಂಕ: 50ಕ್ಕೆ 31. ಮೂವತ್ತು ವರ್ಷ ಕಾಪಿ ತಿದ್ದಿದ ಕೈ.

ಇಲ್ಲಿಂದ ಕತೆ ಬದಲಾಯ್ತು. ನಾನು ರಾತ್ರಿ ಒಂದಿಷ್ಟು ಪದ ಕಳಿಸೋದು, ಬೆಳಗ್ಗೆ ಏಳುವ ಹೊತ್ತಿಗೆ ಕೆಂಪು ಗೆರೆಯ ಫೋಟೊ ಬಂದಿರೋದು. ನನ್ನ ಆಫೀಸಿನಲ್ಲಿ ಇದಕ್ಕೆ ಟೆಸ್ಟಿಂಗ್ ಅಂತ ದೊಡ್ಡ ಹೆಸರಿದೆ. ಅಮ್ಮನ ತಪ್ಪುಪಟ್ಟಿಯ ಒಂದೊಂದು ಪದವನ್ನೂ ನಾನು ಪ್ರೋಗ್ರಾಮಿನ ಪರೀಕ್ಷೆಗಳ ಸಾಲಿಗೆ ಸೇರಿಸುತ್ತಾ ಹೋದೆ. ಹೊಸದೊಂದು ತಿದ್ದಿದಾಗ ಹಳೆಯದು ಕೆಟ್ಟರೆ ತಕ್ಷಣ ಗೊತ್ತಾಗುತ್ತಿತ್ತು. ಏಳೂಕಾಲಕ್ಕೆ ಎದ್ದು ಹೋಗುವಾಗ ಒಂದು ಪರೀಕ್ಷೆ ಬೇಕಂತಲೇ ಫೇಲ್ ಆಗಿರುವ ಹಾಗೆ ಬಿಟ್ಟು ಹೋಗುತ್ತಿದ್ದೆ. ಮರುದಿನ ಬಂದು ಕೂತಾಗ ಎಲ್ಲಿಂದ ಶುರು ಮಾಡಲಿ ಅಂತ ಯೋಚಿಸಬೇಕಾಗಿರಲಿಲ್ಲ. ‘ಇವತ್ತು ಮೂಡ್ ಇದೆಯಾ’ ಅನ್ನೋ ಪ್ರಶ್ನೆ ಯಾವಾಗ ಕಳೆದುಹೋಯ್ತೋ ಗೊತ್ತಿಲ್ಲ.

ಹಾಜರಿ ಪುಸ್ತಕ ಮತ್ತು ಬಿಸಿಯೂಟ

ಅರ್ಕಾವತ್ತು ಸರಿ ಮಾಡೋಕೆ ಹೋದಾಗಲೇ ನಾಲ್ಕನೇ ಅಧ್ಯಾಯ ನಿಜವಾಗಿ ಎದುರು ನಿಂತದ್ದು. ಬದಲಿಸಿದ ಅಕ್ಷರಗಳನ್ನು ಒಂದು ಪಟ್ಟಿಗೆ ಸೇರಿಸುತ್ತಾ ಬರುತ್ತಿದ್ದೆ. ಅರ್ಕಾವತ್ತು ಸಿಕ್ಕಾಗ ಪಟ್ಟಿಯ ಕೊನೆಯ ಅಕ್ಷರದ ಮೇಲೆ ಬೆರಳಿಟ್ಟುಕೊಂಡು, ಅದೇ ಪಟ್ಟಿಯ ನಡುವೆ ‘ರ್’ ತೂರಿಸಿ, ಆಮೇಲೆ ಬೆರಳಿಟ್ಟ ಅಕ್ಷರವನ್ನು ಮತ್ತೆ ಓದೋಕೆ ಹೋದೆ. ಕಂಪೈಲರ್ ಇ-0502 ಅಂತ ಒಂದು ದೋಷಸಂಖ್ಯೆ ಕೊಟ್ಟು ನಿಲ್ಲಿಸಿತು. ಸಾರಾಂಶ ಇಷ್ಟು: ನೋಡೋಕೆ ಎರವಲು ಕೊಟ್ಟ ವಸ್ತುವನ್ನು ಅದೇ ಹೊತ್ತಿನಲ್ಲಿ ತಿದ್ದೋಕೂ ಕೇಳ್ತಿದೀಯ, ಕೊಡಲ್ಲ.

ನಾಲ್ಕು ಬೆಳಗ್ಗೆ ಅದರ ಜೊತೆ ಗುದ್ದಾಡಿದೆ. ಐದನೇ ದಿನ ಅಮ್ಮ ಫೋನ್ ಮಾಡಿ ‘ಎಂತ, ನಾಲ್ಕು ದಿನದಿಂದ ಪದ ಇಲ್ಲ?’ ಅಂದಳು. ಸಿಟ್ಟಿನಲ್ಲಿ ಎಲ್ಲ ಹೇಳಿದೆ. ‘ಪಟ್ಟೀಲಿ ಕೊನೇ ಅಕ್ಷರ ನೋಡ್ತಾ ಇದೀನಮ್ಮ, ಅದೇ ಪಟ್ಟಿಗೆ ಇನ್ನೊಂದು ಸೇರಿಸ್ತೀನಿ ಅಂದ್ರೆ ಬಿಡ್ತಾ ಇಲ್ಲ.’

‘ಬಿಡಬಾರದು ಮತ್ತೆ,’ ಅಂದಳು ಅಮ್ಮ. ‘ನಾನು ಹಾಜರಿ ಪುಸ್ತಕ ಬರೀತಾ ಇರುವಾಗ ಹೆಡ್ ಮಾಸ್ಟ್ರು ಅರ್ಧಂಬರ್ಧ ಪುಟ ನೋಡಿ ಬಿಸಿಯೂಟಕ್ಕೆ ಲೆಕ್ಕ ಕೊಟ್ರೆ ಏನಾಗ್ತದೆ? ಎಂಟು ಮಕ್ಕಳಿಗೆ ಅನ್ನ ಕಡಿಮೆ. ಬರೆದು ಮುಗಿಸಿ ಪುಸ್ತಕ ಮುಚ್ಚಿದ ಮೇಲೆ ನೋಡಬೇಕಪ್ಪ.’

ಫೋನ್ ಇಟ್ಟು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಪಟ್ಟಿ ಬೆಳೆದಾಗ ಕಂಪ್ಯೂಟರ್ ಅದನ್ನು ಮೆಮೊರಿಯಲ್ಲಿ ಇನ್ನೂ ದೊಡ್ಡ ಜಾಗಕ್ಕೆ ಎತ್ತಿ ಇಡಬಹುದು. ಆಗ ನನ್ನ ಬೆರಳು ಇನ್ನೂ ಹಳೆಯ, ಖಾಲಿ ಜಾಗದ ಮೇಲೇ ಇರುತ್ತೆ. ಸಿ++ನಲ್ಲಿ ಇದೇ ತಪ್ಪು ಕಂಪೈಲ್ ಆಗಿಬಿಡಬಹುದು, ನೂರು ಸಲ ಸರಿಯಾಗಿ ಓಡಿ ನೂರಾ ಒಂದನೇ ಸಲ ಕುಸಿಯಬಹುದು. ವ್ಯಾಂಕೂವರ್‌ನ ಲಿಫ್ಟ್ ನೆನಪಾಯ್ತು. ನಾಲ್ಕು ದಿನ ನಾನು ಶತ್ರು ಅಂದುಕೊಂಡಿದ್ದ ಕಂಪೈಲರ್, ಹಾಜರಿ ಪುಸ್ತಕ ಬರೆದು ಮುಗಿಯುವ ತನಕ ಬಾಗಿಲಲ್ಲಿ ಕೂತ ಅಟೆಂಡರ್ ಅಷ್ಟೇ.

ಪರಿಹಾರ ಎರಡು ಸಾಲಿನದು. ಬೆರಳಿಡೋದು ಬಿಟ್ಟು, ಎಷ್ಟನೇ ಜಾಗ ಅಂತ ಸಂಖ್ಯೆ ಬರೆದಿಟ್ಟುಕೊಂಡೆ. ಮರುದಿನ ಬೆಳಗ್ಗೆ ಏಳಕ್ಕೆ ತೆರೆಯ ಮೇಲೆ ‘ಕರ್ನಾಟಕ’ ಬಂತು. ಪಕ್ಕದ ಮನೆಯವರಿಗೆ ಕೇಳುವ ಹಾಗೆ ಕೂಗಿದೆ ಅಂತ ಕಾಣುತ್ತೆ, ಅಂಗಳ ಗುಡಿಸುತ್ತಿದ್ದ ಆಂಟಿ ತಲೆ ಎತ್ತಿ ನೋಡಿದರು.

ಖುಷಿ ಎರಡು ದಿನ ಉಳಿಯಿತು. ಮೂರನೇ ದಿನದ ಕೆಂಪು ಪಟ್ಟಿಯಲ್ಲಿ ‘ಸಾಮಥ್ರ್ಯ’ ಅಂತ ಒಂದು ಪದ. ನಾನು ಒಂದೇ ವ್ಯಂಜನ ಹಿಂದೆ ಹಾರಿ ‘ರ್’ ತೂರಿಸುತ್ತಿದ್ದೆ. ‘ಥ್ಯ’ದಂಥ ಒತ್ತಕ್ಷರ ಬಂದಾಗ ಇಡೀ ಗುಂಪನ್ನು ದಾಟಿ ಹಿಂದೆ ಹೋಗಬೇಕಿತ್ತು. ಹಾಗಾಗಿ ಪಟ್ಟಿಯಲ್ಲಿ ಬಿಡಿಬಿಡಿ ತುಣುಕು ಇಡೋದನ್ನು ಬಿಟ್ಟು, ವ್ಯಂಜನ, ಒತ್ತು, ಸ್ವರ ಎಲ್ಲ ಸೇರಿದ ಇಡೀ ಅಕ್ಷರವನ್ನೇ ಒಂದು ಘಟಕ ಮಾಡಿ ಕೋಡನ್ನು ಮತ್ತೆ ಬರೆದೆ. ಸಾಮರ್ಥ್ಯ ಸರಿಯಾಗೋಕೆ ಆರು ಬೆಳಗ್ಗೆ ಬೇಕಾದವು. ಈ ವಾಕ್ಯವನ್ನು ನೀವು ಹೇಗೆ ಬೇಕಾದರೂ ಓದಿಕೊಳ್ಳಿ.

ಎಐ ಇದೆಯಲ್ಲ?

ಇದೇ ಪ್ರಶ್ನೆ ಗೆಳೆಯರೂ ಕೇಳಿದರು. ಎಐಗೆ ಹೇಳಿದ್ದರೆ ಅರ್ಧ ನಿಮಿಷಕ್ಕೆ ಬರೆದುಕೊಡ್ತಿತ್ತಲ್ಲ ಅಂತ. ಹೇಳಿದ್ದೆ. ಬರೆದುಕೊಟ್ಟಿತ್ತು ಕೂಡ. ಓಡಿತು. ಅದರಲ್ಲೂ ‘ಸಾಮಥ್ರ್ಯ’ ಇತ್ತು. ಅದನ್ನು ಎಲ್ಲಿ ತಿದ್ದಬೇಕು ಅಂತ ನೋಡೋಕೆ ಹೋದರೆ ನನಗೆ ಆ ಕೋಡಿನ ತಲೆಬುಡ ಗೊತ್ತಾಗಲಿಲ್ಲ. ಮೂರನೇ ಸಲ ಕೇಳಿದಾಗ ಸರಿಯಾದ ಉತ್ತರ ಬಂದಿತೋ ಏನೋ, ಆದರೆ ಅದು ಸರಿ ಅಂತ ನನಗೆ ಹೇಗೆ ಗೊತ್ತಾಗಬೇಕು?

ಆ ಕೋಡನ್ನು ಅಳಿಸಿ ಒಂದು ನಿಯಮ ಮಾಡಿಕೊಂಡೆ. ಬೆಳಗಿನ ಆ ಮುಕ್ಕಾಲು ಗಂಟೆಯಲ್ಲಿ ಎಐಗೆ ‘ಬರೆದುಕೊಡು’ ಅನ್ನೋ ಹಾಗಿಲ್ಲ, ‘ಈ ಎರರ್ ಯಾಕೆ ಬಂತು, ವಿವರಿಸು’ ಅನ್ನಬಹುದು. ಟ್ಯೂಷನ್ ಟೀಚರ್ ಹತ್ತಿರ ಹೋಂವರ್ಕ್ ಮಾಡಿಸಿಕೊಳ್ಳೋದಕ್ಕೂ ಪಾಠ ಹೇಳಿಸಿಕೊಳ್ಳೋದಕ್ಕೂ ಇರುವ ವ್ಯತ್ಯಾಸ. ರಸ್ಟ್‌ನ ಕಂಪೈಲರ್ ಕೂಡ ಒಳ್ಳೆಯ ಟೀಚರೇ. ತಪ್ಪಿನ ಸಾಲಿನ ಕೆಳಗೆ ಗೆರೆ ಎಳೆದು, ಹೀಗೆ ಮಾಡಿ ನೋಡು ಅಂತ ಎಷ್ಟೋ ಸಲ ಅದೇ ಸಲಹೆ ಕೊಡುತ್ತೆ. ಮೊದಲ ಮೂರು ಪ್ರಯತ್ನದಲ್ಲಿ ಅದು ಕೆಂಪು ಬಣ್ಣದಲ್ಲಿ ಬರೆದದ್ದನ್ನು ನಾನು ಪೂರ್ತಿ ಓದಿಯೇ ಇರಲಿಲ್ಲ. ಬೈಗುಳ ಅಂದುಕೊಂಡಿದ್ದೆ. ಅಮ್ಮನ ಕೆಂಪು ಪೆನ್ನು ನೋಡಿದ ಮೇಲೆ ಇದನ್ನೂ ಓದೋಕೆ ಶುರು ಮಾಡಿದೆ.

ಈಗ ಎಲ್ಲಿದ್ದೇನೆ

ಎರಡೂವರೆ ತಿಂಗಳ ಕೊನೆಗೆ ಅಮ್ಮನ ಲೆಕ್ಕದಲ್ಲಿ 50ಕ್ಕೆ 49 ಬಂತು. ಕಳೆದುಕೊಂಡ ಒಂದು ಅಂಕ, ಅವಳೇ 2009ರಲ್ಲಿ ತಪ್ಪು ಟೈಪ್ ಮಾಡಿದ್ದ ಪದದ್ದು. ‘ಅದು ನಿಂಗೆ ಸಂಬಂಧ ಇಲ್ಲ, ಆದ್ರೂ ಕೊಡಲ್ಲ’ ಅಂದಳು.

ಆಫೀಸಿನಲ್ಲಿ ರಸ್ಟ್ ಕೆಲಸಕ್ಕೆ ನಾನೂ ಬರ್ತೀನಿ ಅಂತ ಹೇಳಿದೆ. ನನ್ನ ಮೊದಲ ಕೋಡ್‌ಗೆ ರಿವ್ಯೂನಲ್ಲಿ 27 ಕಮೆಂಟ್ ಬಂದವು. ಬರೆದವನು ಆ ಐದು ವರ್ಷ ಚಿಕ್ಕವನೇ. ಅವನು ಹೇಳಿದ್ದರಲ್ಲಿ ಇಪ್ಪತ್ತಾದರೂ ಸರಿ. ನಾನಿನ್ನೂ ನಿಧಾನ. ರಸ್ಟ್‌ನ ‘ಲೈಫ್‌ಟೈಮ್’ ಅನ್ನೋ ವಿಷಯ ಅರ್ಧ ಅರ್ಥವಾಗಿದೆ, ‘ಅಸಿಂಕ್’ ಮುಟ್ಟೇ ಇಲ್ಲ. ಕೆಲಸದ ಬಗೆಗಿನ ಭಯ ಪೂರ್ತಿ ಹೋಗಿದೆ ಅಂತ ಹೇಳಿದರೆ ಸುಳ್ಳಾಗುತ್ತೆ. ಆದರೆ ಎರರ್ ಬಂದಾಗ ಲ್ಯಾಪ್‌ಟಾಪ್ ಮುಚ್ಚೋದು ಮಾತ್ರ ನಿಂತಿದೆ.

ನಿಮಗೆ ಉಪದೇಶ ಮಾಡುವಷ್ಟು ನಾನು ಕಲಿತಿಲ್ಲ. ನನಗೆ ಕೆಲಸ ಮಾಡಿದ್ದನ್ನು ಮಾತ್ರ ಹೇಳಬಲ್ಲೆ. ಕಲಿಯಬೇಕಾದ ಕಷ್ಟದ ವಿಷಯವನ್ನು ನಿಮ್ಮ ಮನೆಯ, ಬೀದಿಯ, ಗೆಳೆಯರ ಯಾವುದಾದರೂ ಒಂದು ಸಣ್ಣ ಅಗತ್ಯಕ್ಕೆ ಕಟ್ಟಿಹಾಕಿ. ಎರಡು ಮೂರು ತಿಂಗಳಲ್ಲಿ ಮುಗಿಯುವಷ್ಟು ಚಿಕ್ಕದಿರಲಿ. ಅದು ಲೋಕದಲ್ಲಿ ಈಗಾಗಲೇ ಇದ್ದರೂ ಚಿಂತೆಯಿಲ್ಲ, ಕಲಿಯೋಕೆ ಹೊಸದೇ ಆಗಬೇಕಿಲ್ಲ. ಮುಖ್ಯವಾಗಿ, ‘ಎಲ್ಲಿಗೆ ಬಂತು?’ ಅಂತ ಕೇಳುವ ಒಬ್ಬರು ಇರಲಿ. ಅವರಿಗೆ ವಿಷಯ ಗೊತ್ತಿರಬೇಕೆಂದೇನೂ ಇಲ್ಲ. ನಮ್ಮಮ್ಮನಿಗೆ ರಸ್ಟ್ ಅಂದರೆ ತುಕ್ಕು ಅಂತ ಮಾತ್ರ ಗೊತ್ತಿದ್ದದ್ದು.

ಕಳೆದ ಭಾನುವಾರ ಪೂರ್ತಿ ಪಟ್ಟಿಯನ್ನು ಅಮ್ಮನ ಫೋನಿಗೆ ಹಾಕಿಕೊಟ್ಟೆ. ಅಕ್ಷರ ದೊಡ್ಡದು ಮಾಡಿಕೊಂಡು, ಜಗುಲಿಯಲ್ಲಿ ಕೂತು ಒಂದೊಂದೇ ಓದಿದಳು. ನಡುವೆ ಒಂದು ಕಡೆ ನಿಂತಳು. ‘ಗೊರಬು’ ಪದದ ಕೆಳಗೆ ಅಜ್ಜಿಯ ವಾಕ್ಯ ಇತ್ತು. ಮಳೆಯಲ್ಲಿ ಗೊರಬು ಹೊದ್ದು ಗದ್ದೆಗೆ ಬುತ್ತಿ ತಗೊಂಡು ಹೋಗುವಾಗ ಕಾಲುಸಂಕದ ಮೇಲೆ ಜಾರಿದ್ದು, ಬುತ್ತಿ ಉಳಿದದ್ದು, ಗೊರಬು ಹೊಳೆ ಪಾಲಾದದ್ದು. ಅಮ್ಮನಿಗೆ ಪದ ಗೊತ್ತಿತ್ತು. ಈ ಮಾತು ಪೂರ್ತಿ ಮರೆತುಹೋಗಿತ್ತು.

‘ಇದು ನಾನೇ ಬರೆದಿದ್ದಾ ಹಂಗಾರೆ?’ ಅಂದಳು. ಎರಡು ಸಲ ಓದಿದಳು. ಆಮೇಲೆ ಒಳಗೆ ಹೋಗಿ ಒಂದು ಬಿಸ್ಕತ್ ಡಬ್ಬಿ ತಂದಳು. ಒಳಗೆ ಆರು ಸಿಡಿ. ಅಜ್ಜಿ ಹೇಳಿದ ಕತೆಗಳಂತೆ, ಟೇಪಿನಿಂದ ಯಾರೋ ಹಾಕಿಕೊಟ್ಟದ್ದಂತೆ, ಈಗ ಯಾವುದರಲ್ಲೂ ಓಡೋದಿಲ್ಲವಂತೆ.

ಆಡಿಯೋ ಫೈಲುಗಳ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಸಿಡಿ ಡ್ರೈವ್ ಆರ್ಡರ್ ಮಾಡಿದ್ದೇನೆ, ಗುರುವಾರ ಬರುತ್ತೆ.